ಮುಂದಿನ ಹಲ್ಲಿನ ಮೂಲೆ ಮುರಿದಿದೆ, ಪಕ್ಕದಲ್ಲಿ ಸಂದೂ ಇದೆ: ಬಾಂಡಿಂಗ್ ಸಾಕಾ, ಕ್ಯಾಪ್ ಬೇಕಾ?

ನಗೆಮೊಗ್ಗು:

ಎಲ್ಲರಿಗೂ ನಮಸ್ಕಾರ. ನನ್ನ ಮೇಲಿನ ಸಾಲಿನ ಮುಂದಿನ ಎರಡು ದೊಡ್ಡ ಹಲ್ಲುಗಳಲ್ಲಿ ಒಂದರ ಮೂಲೆ ಮುರಿದಿದೆ. ಶಾಲೆಗೆ ಹೋಗುವಾಗ ಬಿದ್ದು ಪೆಟ್ಟಾಗಿದ್ದು. ಆಗ ಜಾಸ್ತಿ ನೋವು ಇರಲಿಲ್ಲ, ಹಾಗಾಗಿ ಮನೆಯಲ್ಲಿ ಯಾರೂ ಅದರ ಬಗ್ಗೆ ಯೋಚನೆ ಮಾಡಲಿಲ್ಲ. ಈಗಲೂ ನೋವಿಲ್ಲ, ತಣ್ಣೀರು ಕುಡಿದರೆ ಜುಮ್ ಅನ್ನುವುದೂ ಇಲ್ಲ. ಆದರೆ ಯಾರಾದರೂ ಫೋಟೋ ತೆಗೆಯುತ್ತಾರೆ ಅಂದರೆ ಸಾಕು, ಬಾಯಿ ತಾನಾಗೇ ಮುಚ್ಚಿಕೊಳ್ಳುತ್ತದೆ. ಮಾತಾಡುವಾಗಲೂ ಎದುರಿನವರು ಅಲ್ಲೇ ನೋಡುತ್ತಿದ್ದಾರೇನೋ ಅನ್ನಿಸುತ್ತದೆ. ಸಾಲದ್ದಕ್ಕೆ ಆ ಎರಡು ಹಲ್ಲುಗಳ ಮಧ್ಯೆ ಸಣ್ಣ ಸಂದು ಬೇರೆ ಇದೆ.

ಇಬ್ಬರು ಡಾಕ್ಟರಿಗೆ ತೋರಿಸಿದೆ. ಒಬ್ಬರು ಬಾಂಡಿಂಗ್ (ಹಲ್ಲಿನ ಬಣ್ಣದ ವಸ್ತು ಅಂಟಿಸಿ ಮುರಿದ ಜಾಗ ತುಂಬುವುದು) ಮಾಡಿದರೆ ಸಾಕು, ಇಂಜೆಕ್ಷನ್ ಕೂಡ ಬೇಡ, ಒಂದೇ ಸಲ ಕೂತರೆ ಮುಗಿಯುತ್ತದೆ ಅಂದರು. ಇನ್ನೊಬ್ಬರು ಬಾಂಡಿಂಗ್ ಬಿದ್ದುಹೋಗುತ್ತದೆ, ಬಣ್ಣ ಕೆಡುತ್ತದೆ, ಎರಡೂ ಹಲ್ಲಿಗೆ ಕ್ಯಾಪ್ ಹಾಕಿಸಿಬಿಡಿ ಅಂದರು. ಕ್ಯಾಪ್ ಅಂದರೆ ಚೆನ್ನಾಗಿರುವ ಹಲ್ಲನ್ನೂ ಸುತ್ತಲೂ ಕೊರೆದು ಸಣ್ಣದು ಮಾಡಬೇಕು ಅಲ್ವಾ? ಅದಕ್ಕೆ ಮನಸ್ಸು ಒಪ್ಪುತ್ತಿಲ್ಲ. ಹಾಗಂತ ಬಾಂಡಿಂಗ್ ಮಾಡಿಸಿ ಎಲ್ಲರ ಮುಂದೆ ತುಂಡು ಬಿದ್ದರೆ ಏನು ಗತಿ ಅನ್ನುವ ಭಯವೂ ಇದೆ.

ಮಾಡಿಸಿಕೊಂಡವರು, ವಿಷಯ ಗೊತ್ತಿರುವವರು ದಯವಿಟ್ಟು ಹೇಳಿ. ಎಷ್ಟು ವರ್ಷ ಬಾಳಿಕೆ ಬರುತ್ತದೆ? ಹಲ್ಲು ಬೆಳ್ಳಗೆ ಮಾಡಿಸುವ ಆಸೆಯೂ ಇದೆ, ಅದನ್ನು ಮುಂಚೆ ಮಾಡಿಸಬೇಕಾ, ಆಮೇಲಾ?

ದಂತವೈದ್ಯೆ:

ನಾನು ಹಲ್ಲಿನ ಡಾಕ್ಟರ್, ದಿನವೂ ಈ ಕೆಲಸ ಮಾಡುತ್ತೇನೆ. ನಿಮ್ಮ ಬಾಯಿ ನೋಡದೆ ಇದೇ ಮಾಡಿಸಿ ಅಂತ ಹೇಳಲಾರೆ, ಆದರೆ ನಿಮ್ಮ ಮನಸ್ಸು ಒಪ್ಪದೇ ಇರುವುದಕ್ಕೆ ಒಳ್ಳೆಯ ಕಾರಣ ಇದೆ. ಹಲ್ಲಿನ ಹೊರಪದರ, ಅಂದರೆ ಎನಾಮಲ್, ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಕ್ಯಾಪ್ ಕೂರಿಸಲು ಹಲ್ಲಿನ ಸುತ್ತಲೂ ಕೊರೆಯಬೇಕು, ಮುಂದಿನ ಹಲ್ಲಾದರೆ ಹೊರಗೆ ಕಾಣುವ ಭಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿಬಿಡುತ್ತದೆ. ವಿನೀರ್ ಅನ್ನುವ ತೆಳು ಪಿಂಗಾಣಿ ಪದರಕ್ಕೆ ಸಾಮಾನ್ಯವಾಗಿ 0.3ರಿಂದ 0.7 ಮಿಲಿಮೀಟರ್ ತೆಗೆಯುತ್ತೇವೆ. ಬಾಂಡಿಂಗ್‌ಗೆ ಹೆಚ್ಚಿನ ಸಲ ಏನೂ ತೆಗೆಯುವುದಿಲ್ಲ, ಮುರಿದ ಅಂಚನ್ನು ಸ್ವಲ್ಪ ಇಳಿಜಾರು ಮಾಡುತ್ತೇವೆ ಅಷ್ಟೇ. ಮೂಲೆ ಮಾತ್ರ ಮುರಿದಿರುವ, ಉಳಿದಂತೆ ಗಟ್ಟಿಯಾಗಿರುವ ಹಲ್ಲಿಗೆ ಮೊದಲೇ ಕ್ಯಾಪ್ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಬಾಂಡಿಂಗ್ ಆದಮೇಲೆ ಬೇಕೆನಿಸಿದರೆ ವಿನೀರ್‌ಗೆ ಹೋಗಬಹುದು, ಕ್ಯಾಪ್‌ಗೂ ಹೋಗಬಹುದು. ಕ್ಯಾಪ್ ಆದಮೇಲೆ ಹಿಂದಕ್ಕೆ ಬರುವ ದಾರಿ ಇಲ್ಲ.

ಇದು ಹೇಗೆ ಅಂಟುತ್ತದೆ ಅಂತ ಗೊತ್ತಾದರೆ ಯಾವಾಗ ಬಿಡುತ್ತದೆ ಅನ್ನುವುದೂ ಗೊತ್ತಾಗುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲು ಹಲ್ಲನ್ನು ಚೆನ್ನಾಗಿ ಶುಚಿ ಮಾಡಿ, ಸುಮಾರು 37% ಫಾಸ್ಫಾರಿಕ್ ಆಸಿಡ್ ಇರುವ ಜೆಲ್ ಅನ್ನು 15ರಿಂದ 30 ಸೆಕೆಂಡ್ ಹಚ್ಚಿ ತೊಳೆಯುತ್ತೇವೆ. ಆಸಿಡ್ ಅಂದ ಕೂಡಲೇ ಹೆದರಬೇಡಿ, ನೋವಾಗುವುದಿಲ್ಲ. ಗೋಡೆಗೆ ಗಾರೆ ಹಿಡಿಯಲಿ ಅಂತ ಮುಂಚೆ ಕೊಚ್ಚುತ್ತಾರಲ್ಲ, ಹಾಗೆ ಇದು ಎನಾಮಲ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳನ್ನು ಮಾಡುತ್ತದೆ. ಆಮೇಲೆ ಹಚ್ಚುವ ನೀರಿನಂಥ ಬಾಂಡ್ ಆ ಕುಳಿಗಳೊಳಗೆ ಇಳಿದು ಗಟ್ಟಿಯಾಗುತ್ತದೆ. ಆಸಿಡ್‌ನಿಂದ ಹೀಗೆ ಅಂಟಿಸಬಹುದು ಅಂತ 1955ರಲ್ಲಿ ತೋರಿಸಿಕೊಟ್ಟವರು ಮೈಕೆಲ್ ಬ್ಯುನೊಕೋರ್. ಮುಂದೆ ರಾಫೆಲ್ ಬೋವೆನ್ ಅವರು ರೂಪಿಸಿದ, ಗಟ್ಟಿಯಾಗುವ ಪ್ಲಾಸ್ಟಿಕ್‌ನಂಥ ಬಿಸ್-ಜಿಎಂಎ ಅನ್ನುವ ರೆಸಿನ್‌ಗೆ 1962ರಲ್ಲಿ ಪೇಟೆಂಟ್ ಸಿಕ್ಕಿತು. ಮುರಿದ ಜಾಗ ತುಂಬಲು ಇವತ್ತು ಬಳಸುವ ಎಷ್ಟೋ ಕಾಂಪೋಸಿಟ್‌ಗಳು ಅದೇ ವಂಶದವು.

ಕಾಂಪೋಸಿಟ್ ಅಂದರೆ ಹಲ್ಲಿನ ಬಣ್ಣದ ಮೆತ್ತನೆಯ ರೆಸಿನ್, ಒಳಗೆ ಗಾಜಿನಂಥ ನುಣ್ಣನೆಯ ಕಣಗಳಿರುತ್ತವೆ. ಅದನ್ನು ಪದರ ಪದರವಾಗಿ ಕೂರಿಸಿ ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುತ್ತೇವೆ. ಒಂದು ಪದರ ಸಾಮಾನ್ಯವಾಗಿ 2 ಮಿಲಿಮೀಟರ್ ದಾಟಬಾರದು, ದಾಟಿದರೆ ಬೆಳಕು ಒಳಗಿನವರೆಗೆ ಸರಿಯಾಗಿ ಹೋಗುವುದಿಲ್ಲ. ಗಟ್ಟಿಯಾಗುವಾಗ ಅದು ಸ್ವಲ್ಪ ಕುಗ್ಗುತ್ತದೆ ಕೂಡ. ಒಂದೇ ಸಲ ದಪ್ಪ ಮುದ್ದೆ ಇಟ್ಟು ಲೈಟ್ ಹೊಡೆದರೆ ಅಂಚಿನಲ್ಲಿ ಬಿರುಕು ಬಿಡುವ ಸಾಧ್ಯತೆ ಜಾಸ್ತಿ.

ಇಷ್ಟೂ ಹೊತ್ತು ಹಲ್ಲಿಗೆ ಎಂಜಲು ತಾಗಬಾರದು. ಬಾಂಡಿಂಗ್ ಬೇಗ ಬಿಟ್ಟುಕೊಳ್ಳಲು ಇರುವ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಆಸಿಡ್ ಹಚ್ಚಿ ತೊಳೆದ ಮೇಲೆ ಒಂದು ಚೂರು ಎಂಜಲೋ ಒಸಡಿನ ರಕ್ತವೋ ತಾಗಿದರೂ ಹಿಡಿತ ಕಡಿಮೆಯಾಗುತ್ತದೆ. ಅದಕ್ಕೇ ಒಸಡು ಊದಿಕೊಂಡಿದ್ದರೆ ಮೊದಲು ಕ್ಲೀನಿಂಗ್ ಮಾಡಿಸಿ, ಅದು ವಾಸಿಯಾದ ಮೇಲೆ ಬನ್ನಿ ಅನ್ನುತ್ತೇವೆ. ನಿಮ್ಮ ಡಾಕ್ಟರ್ ರಬ್ಬರ್ ಡ್ಯಾಮ್ ಹಾಕುತ್ತಾರಾ ಕೇಳಿ. ಹಲ್ಲು ಮಾತ್ರ ಹೊರಗೆ ಬರುವ ಹಾಗೆ ಹಾಕುವ ರಬ್ಬರ್ ಹಾಳೆ ಅದು. ಕೇಳಿದರೆ ಒಳ್ಳೆಯ ಡಾಕ್ಟರ್ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬಾಳಿಕೆ ಬಗ್ಗೆ ಹೇಳುವುದಾದರೆ, 5ರಿಂದ 10 ವರ್ಷ ಅಂದುಕೊಳ್ಳಿ. ಮಧ್ಯೆ ಒಂದೆರಡು ಸಲ ಪಾಲಿಶ್ ಬೇಕಾಗಬಹುದು, ಅಂಚಿನಲ್ಲಿ ಚಕ್ಕೆ ಏಳಲೂಬಹುದು. ಪೂರ್ತಿ ಬಿದ್ದುಹೋಗುವುದಕ್ಕಿಂತ ಹೀಗೆ ಚೂರು ಏಳುವುದೇ ಜಾಸ್ತಿ. ಎದ್ದರೆ ಎಲ್ಲವನ್ನೂ ಕಿತ್ತು ಹಾಕಬೇಕಿಲ್ಲ, ಹಳೆಯದರ ಮೇಲ್ಮೈ ಒರಟು ಮಾಡಿ ಅದರ ಮೇಲೇ ಹೊಸದನ್ನು ಸೇರಿಸಬಹುದು. ಪಿಂಗಾಣಿ ವಿನೀರ್ ಇದಕ್ಕಿಂತ ಜಾಸ್ತಿ ವರ್ಷ ಬರುತ್ತದೆ, ಬಣ್ಣವೂ ಅಷ್ಟು ಬೇಗ ಕೆಡುವುದಿಲ್ಲ, ಅದು ನಿಜ. ಆದರೆ ಅದು ಒಡೆದರೆ ಹೆಚ್ಚಾಗಿ ಹೊಸದನ್ನೇ ಮಾಡಿಸಬೇಕು.

ಬೆಳ್ಳಗೆ ಮಾಡಿಸುವುದಿದ್ದರೆ ಖಂಡಿತ ಮುಂಚೆಯೇ ಮಾಡಿಸಿ. ಬ್ಲೀಚಿಂಗ್ ನಿಮ್ಮ ಹಲ್ಲನ್ನು ಬೆಳ್ಳಗೆ ಮಾಡುತ್ತದೆ, ಕಾಂಪೋಸಿಟ್ ಅನ್ನು ಮಾಡುವುದಿಲ್ಲ. ಬ್ಲೀಚಿಂಗ್ ಮುಗಿದ ಮಾರನೇ ದಿನವೇ ಬಾಂಡಿಂಗ್‌ಗೂ ಹೋಗಬೇಡಿ. ಹಲ್ಲಿನೊಳಗೆ ಉಳಿದ ಆಕ್ಸಿಜನ್ ರೆಸಿನ್ ಗಟ್ಟಿಯಾಗುವುದಕ್ಕೆ ಅಡ್ಡಿ ಮಾಡುತ್ತದೆ, ಹೊಸ ಬಣ್ಣ ನಿಲ್ಲುವುದಕ್ಕೂ ಸಮಯ ಬೇಕು. 2 ವಾರ ಬಿಟ್ಟರೆ ಒಳ್ಳೆಯದು.

ರಾತ್ರಿಪಾಳಿ:

ನಾನು ಮಾಡಿಸಿಕೊಂಡು ಹಲವು ವರ್ಷ ಆಯ್ತು, ಎರಡು ಮುಂದಿನ ಹಲ್ಲಿನ ಸವೆದ ತುದಿಗೆ. ಮಾಡಿಸಿದ ದಿನ ಕನ್ನಡಿ ಮುಂದಿಂದ ಏಳಲು ಮನಸ್ಸೇ ಬರಲಿಲ್ಲ, ಅಷ್ಟು ಸಂತೋಷ ಆಗಿತ್ತು. ಆದರೆ ಸ್ವಲ್ಪ ಸಮಯಕ್ಕೇ ಒಂದು ಬದಿಯಲ್ಲಿ ಚಕ್ಕೆ ಎದ್ದಿತು, ಸರಿ ಮಾಡಿಸಿದೆ, ಮತ್ತೆ ಅದೇ ಜಾಗದಲ್ಲಿ ಎದ್ದಿತು. ಆಮೇಲೆ ಬೇರೆ ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದೇ ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ ಅಂತ. ಕಡಿಯುತ್ತೇನೆ ಅಂತ ನನಗೆ ಗೊತ್ತೇ ಇರಲಿಲ್ಲ. ಬೆಳಗ್ಗೆ ದವಡೆ ಬಿಗಿದ ಹಾಗೆ ಇರುತ್ತಿತ್ತು, ನಿದ್ದೆ ಸಾಲದೇ ಹಾಗೆ ಅಂದುಕೊಂಡಿದ್ದೆ. ಅವರು ಬಣ್ಣದ ಕಾಗದ ಕಚ್ಚಿಸಿ ಕೆಳಗಿನ ಹಲ್ಲು ಎಲ್ಲಿ ಒತ್ತುತ್ತಿದೆ ಅಂತ ತೋರಿಸಿದರು. ಮುಂದಕ್ಕೆ ಜರುಗಿಸಿ ಕಚ್ಚಿದಾಗ ಪೂರ್ತಿ ಭಾರ ಬೀಳುತ್ತಿದ್ದದ್ದು ಅದೇ ಮೂಲೆಯ ಮೇಲೆ. ಅದನ್ನು ಸರಿ ಮಾಡಿ ರಾತ್ರಿ ಹಾಕಿಕೊಳ್ಳಲು ನೈಟ್ ಗಾರ್ಡ್, ಅಂದರೆ ಹಲ್ಲಿನ ಮೇಲೆ ಕೂರುವ ಪ್ಲಾಸ್ಟಿಕ್ ಕವಚ, ಮಾಡಿಕೊಟ್ಟರು. ಅಲ್ಲಿಂದ ಇವತ್ತಿನವರೆಗೆ ಅದು ಅಲ್ಲಾಡಿಲ್ಲ.

ಹಾಗಾಗಿ ಬಾಂಡಿಂಗ್ ಬಿದ್ದುಹೋಗುತ್ತದೆ ಅಂತ ಸುಮ್ನೆ ಹೇಳುವವರ ಮಾತು ಕೇಳಿ ಹೆದರಬೇಡಿ. ಯಾಕೆ ಬೀಳುತ್ತದೆ ಅಂತ ಕೇಳಿ. ಮತ್ತೆ ಉಗುರು ಕಚ್ಚುವುದು, ಪೆನ್ ಕಚ್ಚುವುದು, ಹಲ್ಲಿನಲ್ಲಿ ಕವರ್ ಹರಿಯುವುದು ಇದ್ದರೆ ಬಿಟ್ಟುಬಿಡಿ. ಗಟ್ಟಿ ಹಣ್ಣನ್ನು ನೇರವಾಗಿ ಮುಂದಿನ ಹಲ್ಲಲ್ಲಿ ಕಚ್ಚದೆ ಕತ್ತರಿಸಿ ತಿನ್ನುತ್ತೇನೆ, ಅದೇನೂ ಕಷ್ಟ ಅನ್ನಿಸಿಲ್ಲ.

ತಿಳಿನೀರು:

ಸಂದಿನ ಬಗ್ಗೆ ಯಾರೂ ಹೇಳಲಿಲ್ಲ, ನನ್ನದು ಅದೇ ಕಥೆ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಮೊದಲು ಸಂದು ಮುಚ್ಚಿಕೊಟ್ಟವರು ಒಸಡಿನ ಹತ್ತಿರ ಕಾಂಪೋಸಿಟ್ ಅನ್ನು ದಪ್ಪಗೆ ಬಿಟ್ಟಿದ್ದರು. ಎದುರಿನಿಂದ ನೋಡಲು ಚೆನ್ನಾಗೇ ಇತ್ತು. ಆದರೆ ಫ್ಲಾಸ್ (ಹಲ್ಲಿನ ಸಂದು ಶುಚಿ ಮಾಡುವ ದಾರ) ಅಲ್ಲಿ ಸಿಕ್ಕಿಕೊಂಡು ಎಳೆ ಎಳೆಯಾಗಿ ಬರುತ್ತಿತ್ತು, ಬ್ರಶ್ ಮಾಡಿದಾಗೆಲ್ಲ ರಕ್ತ, ಸ್ವಲ್ಪ ವಾಸನೆ ಬೇರೆ. ಹೋಗಿ ಕೇಳಿದರೆ ಹೊಸದಲ್ವಾ, ಅಭ್ಯಾಸ ಆಗುತ್ತದೆ ಅಂದರು. ಅಭ್ಯಾಸ ಆಗುವಂಥದ್ದಲ್ಲ ಅದು! ಬೇರೆ ಕಡೆ ಹೋಗಿ ಆ ಅಂಚನ್ನು ತೆಗೆಸಿ ನುಣ್ಣಗೆ ಮಾಡಿಸಿದ ಮೇಲೆ ಒಸಡು ತಾನಾಗೇ ಸರಿಹೋಯಿತು. ಕುರ್ಚಿಯಿಂದ ಏಳುವ ಮುಂಚೆ ಅವರ ಎದುರೇ ಫ್ಲಾಸ್ ಹಾಕಿ ನೋಡಿ. ಸಿಕ್ಕಿಕೊಳ್ಳದೆ ಹೋಗಬೇಕು, ಹರಿಯಬಾರದು. ಆಗದಿದ್ದರೆ ಅಲ್ಲೇ ಸರಿ ಮಾಡಿಸಿ, ಸಂಕೋಚ ಪಡಬೇಡಿ.

ದಂತವೈದ್ಯೆ:

ತಿಳಿನೀರು ಅವರು ಹೇಳಿದ್ದು ತುಂಬಾ ಮುಖ್ಯ. ಸಂದು ಮುಚ್ಚುವುದೆಂದರೆ ಹಲ್ಲನ್ನು ಅಗಲ ಮಾಡುವುದು ತಾನೇ. ಮುಂದಿನ ದೊಡ್ಡ ಹಲ್ಲು ನೋಡಲು ಚೆನ್ನಾಗಿರಬೇಕಾದರೆ ಅದರ ಅಗಲ ಉದ್ದದ ಸುಮಾರು 75ರಿಂದ 80% ಇರಬೇಕು. ಅದಕ್ಕಿಂತ ಅಗಲವಾದರೆ ಚೌಕವಾಗಿ ಕಾಣುತ್ತದೆ. ಸಂದು ಸಣ್ಣದಿದ್ದರೆ ಎರಡೂ ಹಲ್ಲಿಗೆ ಸಮನಾಗಿ ಹಂಚಿದರೆ ಗೊತ್ತೇ ಆಗುವುದಿಲ್ಲ. ದೊಡ್ಡದಿದ್ದರೆ ಮೊದಲು ಕ್ಲಿಪ್ ಹಾಕಿಸಿ ಹಲ್ಲುಗಳನ್ನು ಹತ್ತಿರ ತಂದು ಆಮೇಲೆ ಬಾಂಡಿಂಗ್ ಮಾಡಿಸುವುದೇ ಸರಿ. ಅದಕ್ಕೆ ಸಮಯ ಹಿಡಿಯುತ್ತದೆ, ಆದರೆ ಫಲ ಚೆನ್ನಾಗಿರುತ್ತದೆ.

ರಾತ್ರಿಪಾಳಿ ಅವರ ಡಾಕ್ಟರ್ ಮಾಡಿದ್ದೂ ಸರಿಯಾಗಿದೆ. ಕಚ್ಚು ಹೇಗಿದೆ ನೋಡದೆ ಮಾಡಿದ ಬಾಂಡಿಂಗ್ ಎಷ್ಟು ಚಂದವಿದ್ದರೂ ನಿಲ್ಲುವುದು ಕಷ್ಟ.

ಇಬ್ಬರುಮಕ್ಕಳಮ್ಮ:

ಮಧ್ಯೆ ಬಂದೆ, ಕ್ಷಮಿಸಿ. ನನ್ನ ಮಗ ಆಟದ ಮೈದಾನದಲ್ಲಿ ಬಿದ್ದು ಮುಂದಿನ ಹಲ್ಲಿನ ತುದಿ ಮುರಿದುಕೊಂಡಿದ್ದಾನೆ, ಹೊಸದಾಗಿ ಬಂದ ಹಲ್ಲು. ತುಂಡು ಸಿಕ್ಕಿದೆ, ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ಅದನ್ನೇ ವಾಪಸ್ ಅಂಟಿಸುತ್ತಾರೆ ಅಂತ ಯಾರೋ ಹೇಳಿದರು, ನಿಜವಾ ಮೇಡಂ? ತುಟಿ ಕೂಡ ಊದಿದೆ.

ದಂತವೈದ್ಯೆ:

ನಿಜ ಅಮ್ಮ, ಅಂಟಿಸಬಹುದು. ಕಾಗದದಿಂದ ತೆಗೆದು ಈಗಲೇ ಹಾಲಿಗೋ ನೀರಿಗೋ ಹಾಕಿ, ಒಣಗಿದರೆ ತುಂಡು ಬಿಳಿಚಿಕೊಂಡು ಬಣ್ಣ ಹೊಂದುವುದಿಲ್ಲ, ಹಿಡಿತವೂ ಕಡಿಮೆಯಾಗುತ್ತದೆ. ಇವತ್ತೇ ಕರೆದುಕೊಂಡು ಹೋಗಿ. ಮುರಿದ ಜಾಗದಲ್ಲಿ ಕೆಂಪು ಚುಕ್ಕಿ ಕಂಡರೆ ನರ ತೆರೆದಿದೆ ಅಂತ ಅರ್ಥ, ಆಗ ತಡ ಮಾಡಲೇಬಾರದು. ಮಕ್ಕಳ ಹಲ್ಲಿನಲ್ಲಿ ಬೇರು ಇನ್ನೂ ಬೆಳೆಯುತ್ತಿರುತ್ತದೆ, ಬೇಗ ಹೋದರೆ ನರವನ್ನು ಉಳಿಸಿಕೊಳ್ಳಬಹುದು. ತುಟಿ ಊದಿದೆ ಅಂದಿರಿ. ತುಟಿ ಒಳಗೆ ಸೀಳಿದ್ದರೆ ಡಾಕ್ಟರಿಗೆ ತಪ್ಪದೇ ತೋರಿಸಿ. ಮುರಿದ ಚೂರು ತುಟಿಯೊಳಗೇ ಸೇರಿಕೊಂಡು ಗಾಯ ಮುಚ್ಚಿಕೊಳ್ಳುವುದುಂಟು.

ಇದನ್ನು ಓದುತ್ತಿರುವ ಎಲ್ಲ ಅಪ್ಪ ಅಮ್ಮಂದಿರಿಗೆ ಇನ್ನೊಂದು ಮಾತು. ಶಾಶ್ವತ ಹಲ್ಲು ಬೇರು ಸಮೇತ ಹೊರಗೆ ಬಂದುಬಿಟ್ಟರೆ ಬೇರನ್ನು ಮುಟ್ಟದೆ, ಬಿಳಿ ಭಾಗವನ್ನು ಹಿಡಿದು, ಕೊಳೆ ಇದ್ದರೆ ಸ್ವಲ್ಪ ತೊಳೆದು, ಅದರ ಕುಳಿಗೇ ವಾಪಸ್ ಕೂರಿಸಿ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಓಡಿ. ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಹಾಲುಹಲ್ಲನ್ನು ಮಾತ್ರ ಹಾಗೆ ವಾಪಸ್ ಕೂರಿಸಬಾರದು, ಕೆಳಗಿರುವ ಶಾಶ್ವತ ಹಲ್ಲಿಗೆ ಪೆಟ್ಟಾಗುತ್ತದೆ.

ಇಬ್ಬರುಮಕ್ಕಳಮ್ಮ:

ಹಾಲಿಗೆ ಹಾಕಿದೆ, ಹೊರಡುತ್ತಿದ್ದೇವೆ. ತುಂಬಾ ಉಪಕಾರ ಆಯ್ತು ಮೇಡಂ.

ನಗೆಮೊಗ್ಗು:

ಇಷ್ಟು ಜನ ಇಷ್ಟು ಬಿಡಿಸಿ ಬರೆದಿದ್ದಕ್ಕೆ ಧನ್ಯವಾದ. ಮಗು ಬೇಗ ಹುಷಾರಾಗಲಿ. ಮೇಡಂ, ನರದ ವಿಷಯ ಓದಿದ ಮೇಲೆ ಒಂದು ಯೋಚನೆ ಬಂತು. ಹಗಲು ಬೆಳಕಿನಲ್ಲಿ ಸರಿಯಾಗಿ ನೋಡಿಕೊಂಡೆ, ಆ ಮುರಿದ ಹಲ್ಲು ಪಕ್ಕದ್ದಕ್ಕಿಂತ ಸ್ವಲ್ಪ ಮಂಕಾಗಿದೆ. ಹಳದಿ ಅನ್ನಲೋ ಬೂದು ಅನ್ನಲೋ ಗೊತ್ತಾಗುತ್ತಿಲ್ಲ. ಇಬ್ಬರೂ ಡಾಕ್ಟರ್ ಅದರ ಬಗ್ಗೆ ಏನೂ ಹೇಳಲಿಲ್ಲ, ಎಕ್ಸ್‌ರೇ ಕೂಡ ತೆಗೆಯಲಿಲ್ಲ. ಇದಕ್ಕೇನಾದರೂ ಅರ್ಥ ಇದೆಯಾ?

ದಂತವೈದ್ಯೆ:

ಇದೆ, ಇದನ್ನು ಕೇಳಿದ್ದು ಒಳ್ಳೆಯದಾಯಿತು. ಪೆಟ್ಟು ಬಿದ್ದ ಹಲ್ಲಿನ ನರ ಕೆಲವೊಮ್ಮೆ ಎಷ್ಟೋ ತಿಂಗಳು, ಎಷ್ಟೋ ವರ್ಷ ಆದಮೇಲೆ ಸದ್ದಿಲ್ಲದೆ ಸಾಯುತ್ತದೆ. ನೋವಿಲ್ಲ, ಜುಮ್ ಅನ್ನುವುದಿಲ್ಲ ಅಂದಿರಲ್ಲ, ಅದರಿಂದ ಹಲ್ಲು ಚೆನ್ನಾಗಿದೆ ಅಂತ ಹೇಳಲು ಆಗುವುದಿಲ್ಲ. ಸತ್ತ ನರಕ್ಕೆ ತಣ್ಣೀರೂ ಗೊತ್ತಾಗುವುದಿಲ್ಲ.

ಹಳದಿಯಾಗಿದ್ದರೆ ಬಹುಮಟ್ಟಿಗೆ ಸಮಾಧಾನದ ವಿಷಯ. ಪೆಟ್ಟಿಗೆ ಪ್ರತಿಯಾಗಿ ಹಲ್ಲು ಒಳಗಿನಿಂದ ಡೆಂಟಿನ್, ಅಂದರೆ ಎನಾಮಲ್ ಕೆಳಗಿರುವ ಗಟ್ಟಿ ಪದರ, ಕಟ್ಟಿಕೊಳ್ಳುತ್ತಾ ಹೋಗುತ್ತದೆ, ನರ ಇರುವ ಜಾಗ ಕಿರಿದಾಗುತ್ತದೆ, ಹಲ್ಲು ಹಳದಿ ಕಾಣುತ್ತದೆ. ಇಂಥ ಹೆಚ್ಚಿನ ಹಲ್ಲುಗಳಿಗೆ ರೂಟ್ ಕೆನಾಲ್ ಬೇಕಾಗುವುದಿಲ್ಲ, ಆಗಾಗ ಎಕ್ಸ್‌ರೇ ತೆಗೆದು ನೋಡುತ್ತಿದ್ದರೆ ಸಾಕು. ಬೂದು ಬಣ್ಣ ಆದರೆ ನರ ಸತ್ತಿರಬಹುದು. ಬೇರಿನ ತುದಿಯಲ್ಲಿ ಸೋಂಕು ಇದೆಯಾ ಅಂತ ಎಕ್ಸ್‌ರೇಯಲ್ಲಿ ನೋಡಬೇಕು, ಹಲ್ಲಿಗೆ ತಣ್ಣನೆಯ ಹತ್ತಿ ಮುಟ್ಟಿಸಿ ಪಕ್ಕದ ಹಲ್ಲಿನ ಜೊತೆ ಹೋಲಿಸಿ ನೋಡಬೇಕು. ಸತ್ತಿದೆ ಅಂತ ಖಚಿತವಾದರೆ ಮೊದಲು ರೂಟ್ ಕೆನಾಲ್, ಆಮೇಲೆ ಬಣ್ಣ ಸರಿಮಾಡಲು ಹಲ್ಲಿನ ಒಳಗಿನಿಂದಲೇ ಬ್ಲೀಚಿಂಗ್, ಕೊನೆಗೆ ಬಾಂಡಿಂಗ್. ಆಗಲೂ ಹಲ್ಲು ಗಟ್ಟಿ ಇದ್ದರೆ ಕ್ಯಾಪ್ ಬೇಕೇ ಬೇಕು ಅಂತೇನಿಲ್ಲ.

ಇದನ್ನು ನೋಡದೆ ಮೇಲಿಂದ ಕಾಂಪೋಸಿಟ್ ಹಚ್ಚಿದರೆ ಎರಡು ತೊಂದರೆ. ತೆಳುವಾದ ಕಾಂಪೋಸಿಟ್ ಒಳಗಿನ ಮಂಕು ಬಣ್ಣವನ್ನು ಪೂರ್ತಿ ಮುಚ್ಚುವುದಿಲ್ಲ. ಅದಕ್ಕಿಂತ ದೊಡ್ಡದು, ಸೋಂಕು ಕೆಳಗೆ ಹಾಗೇ ಇರುತ್ತದೆ. ಬಾಂಡಿಂಗೋ ಕ್ಯಾಪೋ ಅನ್ನುವುದು ಆಮೇಲಿನ ಮಾತು, ಮೊದಲು ಈ ಹಲ್ಲು ಜೀವಂತ ಇದೆಯಾ ಅಂತ ನೋಡಿಸಿ. ಹಾಗೆ ನೋಡದೆ ಎರಡು ಹಲ್ಲಿಗೆ ಕ್ಯಾಪ್ ಹೇಳಿದ್ದು ಕೇಳಿ ನನಗೆ ಬೇಸರವಾಯಿತು.

ತಿಳಿನೀರು:

ಬಣ್ಣದ ಬಗ್ಗೆ ನಾನೂ ಒಂದು ಸೇರಿಸುತ್ತೇನೆ. ಮಾಡಿಸಿದ ದಿನವೇ ಬಣ್ಣ ಹೊಂದಿಲ್ಲ ಅಂತ ಗಾಬರಿ ಆಗಬೇಡಿ. ಬಾಯಿ ಅಷ್ಟು ಹೊತ್ತು ತೆರೆದಿಟ್ಟು ಹಲ್ಲು ಒಣಗಿರುತ್ತದೆ, ಒಣಗಿದ ಹಲ್ಲು ಜಾಸ್ತಿ ಬೆಳ್ಳಗೆ ಕಾಣುತ್ತದೆ. ಒಂದೆರಡು ದಿನದಲ್ಲಿ ಮೊದಲಿನ ಬಣ್ಣಕ್ಕೆ ಬರುತ್ತದೆ. ನನಗೆ ಎರಡನೇ ಸಲ ಮಾಡಿದವರು ಶೇಡ್ ಅನ್ನು ಎಲ್ಲಕ್ಕಿಂತ ಮೊದಲು, ಹಲ್ಲು ಒದ್ದೆ ಇರುವಾಗಲೇ, ಕಿಟಕಿ ಬೆಳಕಿನಲ್ಲಿ ನೋಡಿಕೊಂಡರು.

ರಾತ್ರಿಪಾಳಿ:

ಕಾಫಿ, ಟೀ, ಸಿಗರೇಟ್ ಇದ್ದರೆ ಕಾಂಪೋಸಿಟ್ ಅಂಚು ಕಂದು ಆಗುತ್ತದೆ. ನಾನು ಕಾಫಿ ಬಿಟ್ಟಿಲ್ಲ, ಕುಡಿದ ಮೇಲೆ ಬಾಯಿ ಮುಕ್ಕಳಿಸುತ್ತೇನೆ, ವರ್ಷಕ್ಕೊಂದು ಸಲ ಪಾಲಿಶ್ ಮಾಡಿಸುತ್ತೇನೆ. ಬೆಳ್ಳಗೆ ಮಾಡುತ್ತದೆ ಅಂತ ಮಾರುವ ಒರಟು ಪೇಸ್ಟ್ ಮಾತ್ರ ಬೇಡ, ಮೇಲ್ಮೈ ಗೀರಿ ಹೊಳಪು ಹೋಗುತ್ತದೆ, ಗೀರಿದ ಜಾಗದಲ್ಲೇ ಕಲೆ ಹಿಡಿಯುತ್ತದೆ. ಕ್ಲೀನಿಂಗ್‌ಗೆ ಹೋದಾಗ ಈ ಹಲ್ಲಿಗೆ ಬಾಂಡಿಂಗ್ ಇದೆ ಅಂತ ಮೊದಲೇ ಹೇಳಿಬಿಡಿ, ಆ ಯಂತ್ರದ ತುದಿ ತಾಗಿದರೂ ಗೀರುತ್ತದೆ.

ನಗೆಮೊಗ್ಗು:

ಹಾಗಾದರೆ ಮೊದಲು ಎಕ್ಸ್‌ರೇ ಮತ್ತು ನರದ ಪರೀಕ್ಷೆಗೆ ಹೋಗುತ್ತೇನೆ. ಬಾಂಡಿಂಗ್ ಅಂದ ಡಾಕ್ಟರ್ ಹತ್ತಿರವೇ ಹೋಗಿ ಬಣ್ಣದ ವಿಷಯ ಕೇಳುತ್ತೇನೆ. ಮೇಡಂ, ಕೊನೆಯ ಪ್ರಶ್ನೆ: ಮಾಡಿದ ಮೇಲೆ ಹೇಗೆ ಕಾಣುತ್ತದೆ ಅಂತ ಮುಂಚೆಯೇ ನೋಡಲು ಆಗುತ್ತದಾ? ಸಂದು ಮುಚ್ಚಿದರೆ ಮುಖ ಬೇರೆ ಥರ ಕಾಣಬಹುದು ಅನ್ನುವ ಅಳುಕು ಇದೆ.

ದಂತವೈದ್ಯೆ:

ಆಗುತ್ತದೆ, ಮಾಕ್‌ಅಪ್ ಮಾಡಿ ತೋರಿಸಿ ಅಂತ ಕೇಳಿ. ಆಸಿಡ್, ಬಾಂಡ್ ಏನೂ ಹಚ್ಚದೆ ಕಾಂಪೋಸಿಟ್ ಅನ್ನು ಹಾಗೇ ಹಲ್ಲಿನ ಮೇಲೆ ಕೂರಿಸಿ ಲೈಟ್ ಹಿಡಿದು ತೋರಿಸುತ್ತಾರೆ, ಆಮೇಲೆ ಸುಲಭವಾಗಿ ತೆಗೆಯಬಹುದು. ಆಗ ಕನ್ನಡಿಯಲ್ಲಿ ಹಲ್ಲು ಮಾತ್ರ ನೋಡಬೇಡಿ, ಸ್ವಲ್ಪ ದೂರ ನಿಂತು ಪೂರ್ತಿ ಮುಖ ನೋಡಿ, ಮಾತಾಡಿ. ಫೋನ್, ಫ್ಯಾನ್, ಆಫೀಸ್ ಅಂತ ಹೇಳಿ ನೋಡಿ. ಹೇಳುವಾಗ ಮೇಲಿನ ಹಲ್ಲಿನ ತುದಿ ಕೆಳತುಟಿಯ ಒಳ ಅಂಚಿಗೆ ಹಗುರವಾಗಿ ತಾಗಬೇಕು. ತುಟಿಯನ್ನು ಒತ್ತಿದರೆ ಉದ್ದ ಜಾಸ್ತಿಯಾಗಿದೆ, ತಾಗದೇ ಗಾಳಿ ಹೋದರೆ ಕಡಿಮೆಯಾಗಿದೆ. ಸಂದು ಪೂರ್ತಿ ಮುಚ್ಚುವುದು ಬೇಡ ಅನ್ನಿಸಿದರೆ ಮೂಲೆ ಮಾತ್ರ ಸರಿಮಾಡಿಸಿಕೊಳ್ಳಿ, ಎಷ್ಟೋ ಮುಖಗಳಿಗೆ ಆ ಸಂದು ಒಪ್ಪುತ್ತದೆ. ಎಕ್ಸ್‌ರೇಯಲ್ಲಿ ಏನು ಬಂತು ಅಂತ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.